ಕರಾಚಿ ಬಿದ್ದ ರಾತ್ರಿ ಕರೆಂಟ್ ಹೋಗಿತ್ತು

ಪಾಕಿಸ್ತಾನದ ಜೊತೆ ಕಾಳಗ ನಡೆಯುತ್ತಿದ್ದ 2025ರ ಮೇ 8ರ ರಾತ್ರಿ ನಮ್ಮ ಟಿವಿ ಚಾನೆಲ್‌ನವರು ಕರಾಚಿ ಬಂದರನ್ನು ಸುಟ್ಟು ಬೂದಿ ಮಾಡಿದ್ದು ನಿಮಗೆಲ್ಲ ನೆನಪಿರಬೇಕು. ಪಾಪ, ಬಂದರಿಗೆ ಮಾತ್ರ ಆ ಸುದ್ದಿ ತಲುಪಲಿಲ್ಲ. ಬೆಳಗಾದಾಗ ಅದು ಇದ್ದ ಜಾಗದಲ್ಲೇ ಇತ್ತು.

ಆ ರಾತ್ರಿ ನಾನು ತೀರ್ಥಹಳ್ಳಿ ಕಡೆ ಭಾವನ ಮನೆಯಲ್ಲಿದ್ದೆ. ಟಿವಿಯಲ್ಲಿ ನಮ್ಮ ನೌಕಾಪಡೆಯ ವಿಕ್ರಾಂತ್ ಹಡಗು ಕರಾಚಿ ಕಡೆ ಮೂತಿ ತಿರುಗಿಸಿತು ಅನ್ನುವ ಹೊತ್ತಿಗೆ ಸರಿಯಾಗಿ ಒಂದು ಗುಡುಗು ಬಿತ್ತು, ಕರೆಂಟ್ ಹೋಯಿತು. ಮಲೆನಾಡಿನಲ್ಲಿ ಮೇ ತಿಂಗಳಲ್ಲಿ ಗುಡುಗಿದರೆ ಕರೆಂಟ್ ಹೋಗದೆ ಉಳಿಯುವುದು ಅದಕ್ಕೇ ಅವಮಾನ. ಅಕ್ಕ ಕ್ಯಾಂಡಲ್ ಹುಡುಕಿದಳು. ಬೆಂಕಿಪೊಟ್ಟಣ ಥಂಡಿ ಹಿಡಿದಿತ್ತು. ನಾಲ್ಕು ಕಡ್ಡಿ ಗೀರಿ ದೀಪ ಹಚ್ಚುವುದರೊಳಗೆ ಕರೆಂಟ್ ಬಂತು. ನೋಡಿದರೆ ಇಸ್ಲಾಮಾಬಾದೇ ನಮ್ಮ ಕೈಗೆ ಬಂದುಬಿಟ್ಟಿದೆ! ಭಾವನಿಗೆ ಬೇಜಾರು, ಮುಖ್ಯವಾದ ಭಾಗವೇ ತಪ್ಪಿಹೋಯಿತಲ್ಲ ಅಂತ. ಕವಳ ಹಾಕಿಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದ: "ಕರಾಚಿಲಿ ಪಾನ್ ತಿನ್ನೋರು ಜಾಸ್ತಿ ಅಲ್ವಾ ಮಾರಾಯ? ಅದು ನಮ್ಮದಾದ್ರೆ ರಾಶಿ ಅಡಿಕೆ ರೇಟು ಏರುತ್ತಾ?"

ಇಡೀ ರಾತ್ರಿ ದೇಶದ ಯಾವ ಸ್ಟುಡಿಯೋದಲ್ಲೂ ಇಷ್ಟು ಉಪಯೋಗದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಹಾಗಂತ ನಮ್ಮವರನ್ನೇ ಬೈದರೆ ಅನ್ಯಾಯ. ಯುದ್ಧವನ್ನು ತಲೆಬರಹದಲ್ಲಿ ಗೆಲ್ಲುವುದು ಹಳೇ ಕಸುಬು. ದೊಡ್ಡ ದೊಡ್ಡ ಮನೆತನದವರು ಮಾಡಿದ್ದಾರೆ. 1940ರ ಸೆಪ್ಟೆಂಬರ್ 15ರಂದು ಬ್ರಿಟಿಷರು 185 ಜರ್ಮನ್ ವಿಮಾನ ಉರುಳಿಸಿದೆವು ಅಂದರು. ಲಂಡನ್ನಿನ ಪೇಪರ್ ಮಾರುವವರು ಆ ದಿನಗಳಲ್ಲಿ ಇಂಥ ಲೆಕ್ಕವನ್ನು ಕ್ರಿಕೆಟ್ ಸ್ಕೋರಿನ ಹಾಗೆ ಬೋರ್ಡಿನ ಮೇಲೆ ಬರೆದು ನಿಲ್ಲುತ್ತಿದ್ದರು. ಯುದ್ಧ ಮುಗಿದ ಮೇಲೆ ಜರ್ಮನಿಯ ದಾಖಲೆ ತೆಗೆದು ನೋಡಿದರೆ ಬಿದ್ದದ್ದು 60ರ ಆಸುಪಾಸು. ಒಂದೇ ವಿಮಾನಕ್ಕೆ ಇಬ್ಬರು ಮೂವರು ಗುಂಡು ಹೊಡೆದಿರುತ್ತಾರೆ, ಎಲ್ಲರೂ ತಮ್ಮ ಹೆಸರಿಗೇ ಬರೆಸಿರುತ್ತಾರೆ. ಹೋಗಲಿ, ಅವರು ಹೊಡೆದಾದರೂ ಇದ್ದರು.

ಈ ವಿದ್ಯೆಯಲ್ಲಿ ಗುರುಗಳು ಅಂದರೆ ಜಪಾನಿನ ಸೇನಾ ಕೇಂದ್ರ ಕಚೇರಿಯವರು. 1942ರ ಜೂನಿನಲ್ಲಿ ಮಿಡ್‌ವೇ ಕಾಳಗದಲ್ಲಿ ಅವರ ನಾಲ್ಕು ವಿಮಾನವಾಹಕ ಹಡಗುಗಳು ಮುಳುಗಿದವು. ಜನರಿಗೆ ಹೇಳಿದ್ದು ಒಂದು. ಸಮಾಧಾನಕ್ಕೆ ಅಮೆರಿಕದ ಎರಡನ್ನು ಮುಳುಗಿಸಿಕೊಟ್ಟರು. ಆಗ 'ಮುಳುಗಿದ' ಎಂಟರ್‌ಪ್ರೈಸ್ ಹಡಗು ಇಡೀ ಯುದ್ಧ ಮುಗಿಸಿ, ಊರಿಗೆ ಹೋಗಿ, ಆಮೇಲೆ ನಿಧಾನಕ್ಕೆ ಗುಜರಿಗೆ ಬಿತ್ತು. 1943ರಲ್ಲಿ ಗ್ವಾಡಲ್‌ಕೆನಾಲ್ ದ್ವೀಪ ಬಿಟ್ಟು ಓಡಿ ಬಂದಾಗ, ಬಂದ ಕೆಲಸ ಮುಗಿಯಿತು, ಸೈನ್ಯ ಬೇರೆ ಕಡೆಗೆ ಮುನ್ನಡೆದಿದೆ ಅಂದರು. ಕೊನೆಗೆ ಎರಡು ಅಣುಬಾಂಬ್ ಬಿದ್ದ ಮೇಲೆ, 1945ರ ಆಗಸ್ಟ್ 15ರಂದು ಚಕ್ರವರ್ತಿಗಳೇ ರೇಡಿಯೋದಲ್ಲಿ ಬಂದು, ಯುದ್ಧದ ಪರಿಸ್ಥಿತಿ ಜಪಾನಿಗೆ ಅನುಕೂಲವಾಗಿಯೇ ಸಾಗಿದೆ ಅಂತ ಹೇಳಲಾಗದು ಎಂದರು. ಎಂಥಾ ನಾಜೂಕು!

ನಗು ನಿಲ್ಲುವುದು ನಡುವಿನ ಒಂದು ಸುದ್ದಿಯಲ್ಲಿ. 1944ರ ಅಕ್ಟೋಬರಿನಲ್ಲಿ ಫಾರ್ಮೋಸಾ, ಅಂದರೆ ಈಗಿನ ತೈವಾನ್ ಹತ್ತಿರ, ಅಮೆರಿಕದ 11 ವಿಮಾನವಾಹಕಗಳನ್ನು ಮುಳುಗಿಸಿದ್ದೇವೆ ಅಂತ ಪ್ರಕಟಿಸಿದರು. ಮುಳುಗಿದ್ದು ಸೊನ್ನೆ. ಊರಲ್ಲೆಲ್ಲ ಸಂಭ್ರಮ. ಜನ ನಂಬಿದರು ಸರಿ. ಆದರೆ ನೌಕಾಪಡೆಯ ಲೆಕ್ಕವನ್ನು ಅವರದ್ದೇ ಭೂಸೇನೆಯೂ ನಂಬಿತು. ಶತ್ರುವಿನ ಹಡಗೇ ಉಳಿದಿಲ್ಲವಲ್ಲ ಅಂತ ಮೊದಲಿನ ಯೋಜನೆ ಬದಲಿಸಿ ಸೈನಿಕರನ್ನು ಫಿಲಿಪೀನ್ಸಿನ ಲೇಟೆ ದ್ವೀಪಕ್ಕೆ ಸಾಗಿಸಿತು. ಇಲ್ಲದ ಹಡಗುಗಳೆಲ್ಲ ಅಲ್ಲಿ ಇದ್ದವು. ಹತ್ತಾರು ಸಾವಿರ ಜಪಾನೀಯರು ಅಲ್ಲೇ ಸತ್ತರು.

ನಮ್ಮ ನೆರೆಯವರೂ ಕಡಿಮೆಯಿಲ್ಲ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಅವರ ಸೇನೆ ಶರಣಾಯಿತು. ಮರುದಿನ ಕರಾಚಿಯ ಡಾನ್ ಪತ್ರಿಕೆಯ ತಲೆಬರಹ: ಗೆಲ್ಲುವ ತನಕ ಯುದ್ಧ. ನಾವು ಮೀಸೆ ತಿರುವಬೇಕಾಗಿಲ್ಲ. 1962ರ ಅಕ್ಟೋಬರ್ 12ರಂದು ನೆಹರೂ, ಚೀನೀಯರನ್ನು ಹೊರಹಾಕಲು ಸೇನೆಗೆ ಹೇಳಿದ್ದೇನೆ ಅಂದರು. ಪೇಪರಿನವರು ದಪ್ಪಕ್ಷರದಲ್ಲಿ ಹಾಕಿದರು. 20ಕ್ಕೆ ಚೀನೀಯರೇ ಒಳಗೆ ಬಂದರು.

ಪತ್ರಿಕೆಗಳಲ್ಲಿ ಸುಳ್ಳು ಹೇಳದ ಜಾಗವೂ ಒಂದಿದೆ. ಅಡಿಕೆ ಧಾರಣೆ. ಶಿವಮೊಗ್ಗ ಮಾರುಕಟ್ಟೆ: ಗೊರಬಲು, ಬೆಟ್ಟೆ, ರಾಶಿ, ಸರಕು ಅಂತ ಅಡಿಕೆಯ ಬಗೆಗಳು. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ವಿಶೇಷಣ ಇಲ್ಲ, ಉದ್ಗಾರ ಚಿಹ್ನೆ ಇಲ್ಲ. ರಾಶಿ ಅಡಿಕೆಯ ಅಬ್ಬರಕ್ಕೆ ಮಾರುಕಟ್ಟೆ ಗಡಗಡ ಅಂತ ಯಾರೂ ಬರೆಯುವುದಿಲ್ಲ. ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚುಕಮ್ಮಿ ಅಚ್ಚಾದರೂ ಹೊಸನಗರದಿಂದಲೋ ಸಾಗರದಿಂದಲೋ ತಿಂಡಿ ಹೊತ್ತಿಗೇ ಫೋನ್ ಬರುತ್ತದೆ. ಕರಾಚಿ ವಿಷಯದಲ್ಲಿ ಆ ಕಾಟ ಇಲ್ಲ. ಹೋಗಿ ನೋಡಿ ಬರುವವರು ಯಾರು? ನನ್ನದೊಂದು ಸಲಹೆ: ಇನ್ನು ಮುಂದೆ ಯುದ್ಧದ ಸುದ್ದಿಯನ್ನು ಧಾರಣೆ ಬರೆಯುವ ಹುಡುಗನಿಗೇ ಕೊಡಿ. ನಗರ ವಶವಾದರೆ ಮರುದಿನ ಅಲ್ಲಿಯ ಅಡಿಕೆ ರೇಟು ಹಾಕಬೇಕು. ರೇಟು ಇಲ್ಲ ಅಂದರೆ ವಶವಾಗಿಲ್ಲ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಆದರೆ ಈ ಕಾಳಗಕ್ಕೆ ಕಾರಣವಾದ ಪಹಲ್ಗಾಮ್‌ನ ಉಗ್ರರ ದಾಳಿಯಲ್ಲಿ ಸತ್ತ 26 ಜನರಲ್ಲಿ ನಮ್ಮ ಶಿವಮೊಗ್ಗದವರೂ ಒಬ್ಬರಿದ್ದರು. ಸ್ಟುಡಿಯೋದವರು ಕರಾಚಿ ಸುಡುತ್ತಿದ್ದ ದಿನಗಳಲ್ಲೇ ಕಾಶ್ಮೀರ ಗಡಿಯ ಪೂಂಛ್‌ನಲ್ಲಿ ನಿಜವಾದ ಶೆಲ್ ಬಿದ್ದು ಮಕ್ಕಳೂ ಸತ್ತರು. ಅದು ಟಿವಿ ಪರದೆಯ ಕೆಳಗಿನ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ಓಡುತ್ತಿತ್ತು. ಮೇಲೆ ಸೈರನ್ನು. ಕೊನೆಗೆ ಸರಕಾರವೇ, ಸುಮ್ನೆ ಸೈರನ್ ಬಾರಿಸಬೇಡಿ, ನಾಳೆ ನಿಜವಾದ ಸೈರನ್ ಕೂಗಿದರೆ ಜನ ಏಳುವುದಿಲ್ಲ ಅಂತ ಬುದ್ಧಿ ಹೇಳಬೇಕಾಯಿತು. ಮದುವೆ ಮನೆ ವಾಲಗದ ಹಾಗೆ ಬಾರಿಸಿದರಲ್ಲ, ಇವರಿಗೆ ನಾಚಿಕೆ ಆಗಲಿಲ್ಲವಾ?

ಕ್ಷಮೆ ಕೇಳಿದವರು ಎಲ್ಲೋ ಒಬ್ಬಿಬ್ಬರು. ಉಳಿದವರು ಬಾಯಿ ಒರೆಸಿಕೊಂಡರು. ಮೇ 10ಕ್ಕೆ ಕದನವಿರಾಮ, 17ಕ್ಕೆ ಐಪಿಎಲ್ ಮತ್ತೆ ಶುರು. ಬೆಂಗಳೂರಿನಲ್ಲಿ ಅವತ್ತು ಮಳೆ ಸುರಿದು ಒಂದು ಚೆಂಡೂ ಆಡಲಿಲ್ಲ. ಆ ಸುದ್ದಿಯನ್ನು ಮಾತ್ರ ಎಲ್ಲರೂ ಇದ್ದದ್ದು ಇದ್ದ ಹಾಗೇ ಹೇಳಿದರು. ಟಿಕೆಟ್ ತೆಗೆದವರು ಅಲ್ಲೇ ನೆನೆಯುತ್ತಾ ಕೂತಿದ್ದರಲ್ಲ.