ಮೂವತ್ತೇಳನೆಯ ಹೊಲಿಗೆ

ಇರಬೇಕಾದದ್ದು 36. ಎಣಿಸಿದರೆ 37. ಕಣ್ಣು ತಪ್ಪಿರಬೇಕೆಂದು ಮತ್ತೆ ಎಣಿಸಿದರೆ 36. ಸಂಶಯ ತೀರಲೆಂದು ಮೂರನೆಯ ಸಲ ಎಣಿಸಿದರೆ 37. ಬಹುಮತವನ್ನು ಗೌರವಿಸುವವರು ಇಲ್ಲಿಗೆ ಒಪ್ಪಿಕೊಳ್ಳಬೇಕು. ಅಷ್ಟಕ್ಕೂ ಹೆಣೆಯುತ್ತಿರುವುದೇನು? ಅಂಗೈಯೊಳಗೆ ಕೂರುವ, ಕೊಕ್ಕೆಕಡ್ಡಿಯಿಂದ ದಾರ ಹೆಣೆದು ಮಾಡುವ ಒಂದು ಕ್ರೋಶೆ ಸಂಚಿ. ನಾಲ್ಕು ಚಿಲ್ಲರೆ ಕಾಸು, ಜೊತೆ ಕಳೆದುಕೊಂಡ ಒಂದು ಓಲೆ, ಯಾವ ಅಂಗಿಯದೆಂದು ಮರೆತುಹೋದ ಗುಂಡಿ, ಇಷ್ಟನ್ನು ಹಾಕಿ ದಾರ ಎಳೆದರೆ ಬಾಯಿ ಮುಚ್ಚಿ ಮೇಲೆ ಹೂವೊಂದು ಅರಳಬೇಕು. ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ದೊಡ್ಡ ಲೆಕ್ಕಪರಿಶೋಧನೆ! ಆ ಒಂದು ಹೆಚ್ಚುವರಿ ಹೊಲಿಗೆ ಎಲ್ಲಿಂದ ಬರುತ್ತದೆಂದು ಇವತ್ತು ಪತ್ತೆ ಮಾಡಿಯೇ ಬಿಡೋಣ.

ಕಂಬಳಿಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಇನ್ನೂರು ಹೊಲಿಗೆಯ ಸಾಲಿನಲ್ಲಿ ಒಂದು ಹೆಚ್ಚಾದರೆ ಅದು ಗುಂಪಿನಲ್ಲಿ ಗೋವಿಂದ. ಸಂಚಿಯಲ್ಲಿ ಹಾಗಲ್ಲ. ಬಾಯಂಚಿನ ಒಂದೊಂದು ಎಸಳೂ ಲೆಕ್ಕ ಹಾಕಿ ಆರು ಹೊಲಿಗೆ ತಿನ್ನುತ್ತದೆ: ಎರಡು ಬಿಡು, ಮೂರನೆಯದರಲ್ಲಿ ಐದು ಡಬಲ್ ಕ್ರೋಶೆ (ಎತ್ತರದ ಹೊಲಿಗೆ) ಒಟ್ಟಿಗೇ ತುಂಬು, ಮತ್ತೆರಡು ಬಿಡು, ಆರನೆಯದಕ್ಕೆ ಸ್ಲಿಪ್ ಸ್ಟಿಚ್ (ಎತ್ತರವಿಲ್ಲದ, ಬೆಸೆಯುವ ಹೊಲಿಗೆ) ಹಾಕಿ ಬಿಗಿ. ಆರಾರಲಿ 36, ಆರು ಎಸಳು. ಉಳಿದ ಒಂದು ಹೊಲಿಗೆ ಮೊದಲ ಎಸಳಿಗೂ ಕೊನೆಯ ಎಸಳಿಗೂ ನಡುವೆ, ಹಲ್ಲು ಬಿದ್ದ ಸಂದಿಯಂತೆ ನಿಂತುಬಿಡುತ್ತದೆ. ಅದನ್ನಾದರೂ ಸಹಿಸಬಹುದು. ಎಸಳಿನ ಕೆಳಗೆ ದಾರ ಪೋಣಿಸುವ ಕಿಂಡಿಗಳ ಸುತ್ತೊಂದಿದೆ: ಒಂದು ಡಬಲ್ ಕ್ರೋಶೆ, ಒಂದು ಚೈನ್ (ಬರಿಯ ಕುಣಿಕೆ), ಒಂದು ಹೊಲಿಗೆ ಬಿಡು. 36 ಇದ್ದರೆ 18 ಕಿಂಡಿ. ಒಂದರಲ್ಲಿ ಒಳಹೋಗಿ ಇನ್ನೊಂದರಲ್ಲಿ ಹೊರಬರುವ ದಾರಕ್ಕೆ ಸಮಸಂಖ್ಯೆಯೇ ಬೇಕು. ಆಗ ಎರಡು ತುದಿಯೂ ಹೊರಗೆ ಸಿಗುತ್ತವೆ. ಉಳಿದ ಒಂದು ಹೊಲಿಗೆಗೂ ಪಾಪ ಎಂದು ಹತ್ತೊಂಬತ್ತನೆಯ ಕಿಂಡಿ ಕೊಟ್ಟಿರೋ, ದಾರದ ಒಂದು ತುದಿ ಸಂಚಿಯೊಳಗೇ ಸಿಕ್ಕಿಕೊಳ್ಳುತ್ತದೆ. ಕಾಸಿನ ಜೊತೆ.

ಮೊದಲ ಅನುಮಾನ ಸ್ಲಿಪ್ ಸ್ಟಿಚ್ ಮೇಲೆ. ಸುತ್ತು ಮುಗಿದಾಗ ಮೊದಲ ಹೊಲಿಗೆಗೆ ಅದನ್ನು ಬೆಸೆಯುತ್ತೇವಲ್ಲ, ಆಮೇಲೆ ಅದರ ತಲೆಯೂ ಬೇರೆಲ್ಲ ಹೊಲಿಗೆಗಳ ತಲೆಯಂತೆ ಜಡೆಯ ಒಂದು ಕಾಲಿನ ಆಕಾರದಲ್ಲೇ ಕಾಣುತ್ತದೆ. ಹೊಲಿಗೆಯಲ್ಲದೆ ಹೊಲಿಗೆಯ ವೇಷ. ಮುಂದಿನ ಸುತ್ತಿನ ಕೊನೆಗೆ ಬಂದಾಗ ಅದರಲ್ಲೂ ಕಡ್ಡಿ ತೂರಿಸಿದರೆ ಒಂದು ಹೆಚ್ಚಾಯಿತು. ಇದಕ್ಕೆ ಹೆದರಿ ಅದನ್ನು ಬಿಟ್ಟು, ಜೊತೆಗೆ ಸುತ್ತಿನ ಮೊದಲ ಹೊಲಿಗೆಯನ್ನು ಬೆಸುಗೆ ಹಾಕಿದ ಜಾಗದಲ್ಲಿ ಹಾಕದೆ ಪಕ್ಕದ್ದರಲ್ಲಿ ಹಾಕಿದರೆ ಒಂದು ಕಡಿಮೆಯಾಯಿತು. ಎರಡನೆಯ ಅನುಮಾನ ಸುತ್ತು ಶುರು ಮಾಡುವ ಒಂದು ಚೈನ್. ಗೋಡೆ ಹೆಣೆಯುವ ಗಿಡ್ಡ ಹೊಲಿಗೆಯಾದ ಸಿಂಗಲ್ ಕ್ರೋಶೆಯಲ್ಲಿ ಆ ಚೈನ್ ಲೆಕ್ಕಕ್ಕಿಲ್ಲ. ಡಬಲ್ ಕ್ರೋಶೆಯಲ್ಲಾದರೆ ಶುರುವಿನ ಮೂರು ಚೈನ್ ಸೇರಿ ಒಂದು ಹೊಲಿಗೆ. ಒಂದೇ ಸಂಚಿಯಲ್ಲಿ ಎರಡು ಕಾನೂನು. ಹನ್ನೆರಡು ಸುತ್ತಿನ ಗೋಡೆಯಲ್ಲಿ ಸುತ್ತಿಗೊಂದರಂತೆ ಈ ತಪ್ಪು ಮಾಡುತ್ತ ಹೋದರೆ 36 ಇದ್ದದ್ದು 48 ಆಗಿ ಸಂಚಿ ಗಂಟೆಯಂತೆ ಅಗಲವಾಗುತ್ತದೆ. ಉಲ್ಟಾ ತಪ್ಪಾದರೆ 24ಕ್ಕಿಳಿದು ಬಾಯಿ ಬಿಗಿದ ಆಲಿಕೆ.

ಮೂರನೆಯದು ಇನ್ನೂ ಕೆಳಗೆ, ತಳದಲ್ಲಿ. ಮ್ಯಾಜಿಕ್ ರಿಂಗಿನಲ್ಲಿ, ಅಂದರೆ ದಾರದ ಬಾಲ ಎಳೆದರೆ ಬಿಗಿಯುವ ಮೊದಲ ಬಳೆಯಲ್ಲಿ 6, ಎರಡನೆಯ ಸುತ್ತಿಗೆ 12, ಆಮೇಲೆ 18, 24, 30, 36. ಮೂರನೆಯ ಸುತ್ತಿನಲ್ಲಿ ಎಲ್ಲೋ ಒಂದು ಹೆಚ್ಚಾಗಿ ಬಿದ್ದರೆ ನಾಲ್ಕನೆಯ ಸುತ್ತಿನ ಕೊನೆಯಲ್ಲಿ ಲೆಕ್ಕಕ್ಕೆ ಹೊಂದದ ಒಂದು ಹೊಲಿಗೆ ಒಂಟಿಯಾಗಿ ಉಳಿಯುತ್ತದೆ. ಅದು ದೂರು ಕೊಡುತ್ತಿದೆ. ಕೇಳಿಸಿಕೊಂಡು ಬಿಚ್ಚುವವರು ಎಷ್ಟು ಜನ? ಇರಲಿ ಬಿಡು ಎಂದು ಅದರಲ್ಲೂ ಒಂದು ಹೆಣೆದು ಮುಂದೆ ಹೋಗುವುದೇ ರೂಢಿ. ಮೂರು ಸುತ್ತು ಕಳೆದ ಮೇಲೆ ಅದೇ 37 ಆಗಿ ಎದುರು ನಿಲ್ಲುತ್ತದೆ.

ಎಣಿಸುವ ಹೊತ್ತಿಗೆ ಮಾತಾಡಿಸುವವರ ವಿಷಯವನ್ನು ಬಿಟ್ಟರೆ ಈ ತನಿಖೆ ಪೂರ್ತಿಯಾಗುವುದಿಲ್ಲ. ಕ್ರೋಶೆ ಹಿಡಿದು ಕೂತವರನ್ನು ಕಂಡರೆ ಲೋಕಕ್ಕೆ ಏನನ್ನಿಸುತ್ತದೋ, ಇವರಿಗೆ ಕೆಲಸವಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುತ್ತದೆ. ಪುಸ್ತಕ ಹಿಡಿದವರನ್ನಾದರೂ ಸ್ವಲ್ಪ ಅಳುಕಿನಿಂದ ಕರೆಯುತ್ತಾರೆ. ಇಲ್ಲಿ ನೇರ ದಾಳಿ. ಅದೂ ಕೇಳುವುದು ಉತ್ತರದಲ್ಲಿ ಸಂಖ್ಯೆ ಇರುವ ಪ್ರಶ್ನೆಯನ್ನೇ. ಇಪ್ಪತ್ತಮೂರಕ್ಕೆ ಬಂದಿದ್ದಾಗ ‘ಗಂಟೆ ಎಷ್ಟು?’ ‘ಹನ್ನೊಂದು’ ಎಂದು ಬಾಯಿ ಹೇಳುತ್ತದೆ; ಕೈ ಮುಂದಿನ ಹೊಲಿಗೆಗೆ ಹೋಗುತ್ತದೆ; ಮನಸ್ಸು ‘ಹನ್ನೆರಡು’ ಎನ್ನುತ್ತದೆ. ಇದಕ್ಕೆ ಇರುವ ಮದ್ದು ಮಾರ್ಕರ್, ಅಂದರೆ ಹೊಲಿಗೆಗೆ ಸಿಕ್ಕಿಸುವ ಗುರುತು. ಸುತ್ತಿನ ಮೊದಲ ಹೊಲಿಗೆಗೊಂದು, ಆಮೇಲೆ ಹತ್ತತ್ತಕ್ಕೊಂದು. ಸೇಫ್ಟಿ ಪಿನ್ ಆದರೂ ಸಾಕು, ಬೇರೆ ಬಣ್ಣದ ತುಂಡು ದಾರವಾದರೂ ಸರಿ. ತಲೆಪಿನ್ನು ಮಾತ್ರ ಬೇಡ, ಅದು ಜಾರಿ ಬಿದ್ದು ಇಲ್ಲೇ ಎಲ್ಲೋ ಇತ್ತಲ್ಲ ಎಂದು ಹುಡುಕುವ ಹೊತ್ತಿಗೆ ಎಣಿಕೆಯೂ ಹೋಗಿರುತ್ತದೆ. ಕಪ್ಪು ದಾರವೂ ಬೇಡ. ಕಪ್ಪಿನಲ್ಲಿ ಹೊಲಿಗೆ ಎಣಿಸುವುದು ಅಮಾವಾಸ್ಯೆಯಲ್ಲಿ ಇರುವೆ ಎಣಿಸಿದ ಹಾಗೆ.

ಎಲ್ಲ ಬಿಟ್ಟು ಈ ಆರರ ಹಟವೇ ಯಾಕೆ ಎಂದು ಕೇಳಬಹುದು. ಕೇಳುವಂಥದ್ದೇ. ಸಿಂಗಲ್ ಕ್ರೋಶೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ವೃತ್ತದ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದರೆ ಸುತ್ತಳತೆ ಎರಡು ಪೈಯಷ್ಟು, ಅಂದರೆ 6.28 ಹೊಲಿಗೆಯಷ್ಟು ಬೆಳೆಯಬೇಕು. 0.28 ಹೊಲಿಗೆ ಹಾಕಲು ಯಾವ ಕಡ್ಡಿಗೂ ಬಾರದು, ಆದ್ದರಿಂದ ಆರು. ಡಬಲ್ ಕ್ರೋಶೆ ಸುಮಾರು ಇಮ್ಮಡಿ ಎತ್ತರ, ಹಾಗಾಗಿ ಅದರ ವೃತ್ತಕ್ಕೆ ಸುತ್ತಿಗೆ ಹನ್ನೆರಡು. ಸಿಂಗಲ್ ಕ್ರೋಶೆಯಲ್ಲಿ ಸುತ್ತಿಗೆ ಐದೇ ಹೆಚ್ಚಿಸಿದರೆ ತಳ ಬಟ್ಟಲಾಗಿ ಮೇಲೇಳುತ್ತದೆ, ಎಂಟು ಹೆಚ್ಚಿಸಿದರೆ ಅಂಚು ನೀರು ಕುಡಿದ ರಟ್ಟಿನಂತೆ ಸೊಟ್ಟಗಾಗುತ್ತದೆ. ಈಗ ನೋಡಿ, ಸುತ್ತಿಗೆ 0.28ರಂತೆ ಆರು ಸುತ್ತು ಬಾಕಿ ಉಳಿಸಿಕೊಂಡಿದ್ದೇವೆ. ಆರು ಸುತ್ತಿನ ವೃತ್ತಕ್ಕೆ ಗಣಿತದ ಪ್ರಕಾರ ಸಲ್ಲಬೇಕಾದದ್ದು 37.68 ಹೊಲಿಗೆ. ನಾವು ಕೊಟ್ಟದ್ದು 36. ಅಂದರೆ ಮೂವತ್ತೇಳನೆಯ ಹೊಲಿಗೆ ಕಳ್ಳನಲ್ಲ, ಸಾಲ ಕೊಟ್ಟವನು. ತನಗೆ ಬರಬೇಕಾದದ್ದನ್ನು ವಸೂಲಿ ಮಾಡಲು ಬಂದಿದ್ದಾನೆ! ಪೈಯೇ ಬಂದು ಕೂತಿದ್ದಾನೆ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಎಷ್ಟೋ ಸಲ 35 ಬರುತ್ತದೆ. ಅದಕ್ಕೆ ಪೈ ಬಳಿ ಉತ್ತರವಿಲ್ಲ.

ಈ ಆರರಿಂದ ಇನ್ನೊಂದು ಪೀಕಲಾಟ. ಸಂಚಿ ಕಂಡವರ ಮೊದಲ ಪ್ರಶ್ನೆ, ‘ಇದು ಯಾವ ಹೂವು?’ ಹೂವು ಅಷ್ಟೇ, ದಾರದ ಹೂವು ಎಂದರೆ ಸಮಾಧಾನವಿಲ್ಲ. ಗುಲಾಬಿಯೇ? ಕಾಡು ಗುಲಾಬಿಗೆ ಎಸಳು ಐದು. ದಾಸವಾಳವೇ? ಅದಕ್ಕೂ ಐದು. ಸಾಸಿವೆ ಹೂವಾಗಿದ್ದರೆ ನಾಲ್ಕಿರಬೇಕಿತ್ತು. ದ್ವಿದಳ ಸಸ್ಯಗಳು ಸಾಮಾನ್ಯವಾಗಿ ನಾಲ್ಕು ಅಥವಾ ಐದರ ಲೆಕ್ಕದಲ್ಲಿ ಹೂ ಬಿಡುತ್ತವೆ, ಏಕದಳ ಸಸ್ಯಗಳು ಮೂರರ ಲೆಕ್ಕದಲ್ಲಿ. ಹಾಗಾಗಿ 36ಕ್ಕೆ ನಿಂತ ಸಂಚಿಗಳೆಲ್ಲ ಸಸ್ಯಶಾಸ್ತ್ರದ ಪ್ರಕಾರ ಲಿಲ್ಲಿಯ ಬಳಗ. ಲಿಲ್ಲಿಯ ಆರರಲ್ಲೂ ಒಳಗಿನ ಮೂರು ಮಾತ್ರ ದಳ, ಹೊರಗಿನ ಮೂರು ಪುಷ್ಪಪತ್ರ. ನೋಡಲು ಒಂದೇ ಥರ ಇರುವುದರಿಂದ ಆರೆಸಳು ಎನ್ನುತ್ತೇವೆ. ಅಷ್ಟು ನಿಷ್ಠೆಯಿದ್ದವರು ಒಂದು ಬಿಟ್ಟೊಂದು ಎಸಳಿಗೆ ತುಸು ಬೇರೆ ಬಣ್ಣ ಹಾಕಬಹುದು. ಆದರೆ ಎಸಳಿಗೆರಡರಂತೆ ಹನ್ನೆರಡು ಬಾಲ ಮರೆಮಾಚಬೇಕಾಗುತ್ತದೆ, ಅದು ನಿಷ್ಠೆಯಲ್ಲ, ಶಿಕ್ಷೆ. ಇಲ್ಲ, ಐದೆಸಳೇ ಬೇಕು ಎಂದು ಹಟ ಹಿಡಿದರೆ ದಾರಿಯಿದೆ: ಐದನೆಯ ಸುತ್ತಿಗೆ, 30ಕ್ಕೆ, ನಿಲ್ಲಿಸಿಬಿಡಿ. ಐದಾರಲಿ ಮೂವತ್ತು, ಸಸ್ಯಶಾಸ್ತ್ರಕ್ಕೂ ತೃಪ್ತಿ. ಆದರೆ ಕಿಂಡಿ ಹದಿನೈದು, ಬೆಸ; ದಾರದ ಒಂದು ತುದಿ ಒಳಗೇ. ಸಂಚಿಯ ಅಗಲವೂ ಐದೇ ಸೆಂ.ಮೀ. ಒಳಗೆ ಎರಡು ಬೆರಳು ಹೋಗುತ್ತವೆ, ಕಾಸು ಹಿಡಿದು ಹೊರಗೆ ಬರಲಾರವು. ಮಲ್ಲಿಗೆ ಎಂದು ಹೇಳುವುದೇ ಎಲ್ಲಕ್ಕಿಂತ ಸುಲಭ. ಅದರ ಎಸಳನ್ನು ಯಾರೂ ಎಣಿಸುವುದಿಲ್ಲ, ಎಣಿಸಿದರೂ ಹೂವಿನಿಂದ ಹೂವಿಗೆ ಬೇರೆ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎನ್ನುತ್ತಾರೆ. ಇಲ್ಲಿ ಹೂವೇ ನಾರು, ಸ್ವರ್ಗದ ಬಾಗಿಲಲ್ಲೂ ‘ಯಾವ ಹೂವು?’ ಎಂದೇ ಕೇಳಿಯಾರು.

ಹೆಣಿಗೆಯ ಮಾದರಿ ಬರೆಯುವವರಿಗೂ ಎರಡು ಮಾತು ಹೇಳಬೇಕಿದೆ. ಅಮೆರಿಕದವರ ಸಿಂಗಲ್ ಕ್ರೋಶೆಯನ್ನು ಬ್ರಿಟಿಷರು ಡಬಲ್ ಕ್ರೋಶೆ ಎನ್ನುತ್ತಾರೆ, ಅಮೆರಿಕದವರ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಯಾವ ದೇಶದ ಲೆಕ್ಕವೆಂದು ಮೇಲೊಂದು ಸಾಲು ಬರೆದರೆ ಏನು ಗಂಟು ಹೋಗುತ್ತದೆ? ‘ಸಿಂಗಲ್ ಕ್ರೋಶೆ’ ಎಂಬ ಮಾತು ಕಂಡರೆ ಅಮೆರಿಕದ್ದು, ‘ಹಾಫ್ ಟ್ರೆಬಲ್’ ಎಂದಿದ್ದರೆ ಬ್ರಿಟನ್ನಿನದು ಎಂದು ಊಹಿಸಿಕೊಳ್ಳಬೇಕು. ತಪ್ಪಿ ಬ್ರಿಟಿಷ್ ಮಾದರಿಯನ್ನು ಅಮೆರಿಕದ ಕಣ್ಣಿನಿಂದ ಓದಿದರೆ ಗೋಡೆ ಇಮ್ಮಡಿ ಎತ್ತರದ ಜಾಲರಿಯಾಗಿ ಸಣ್ಣ ಕಾಸು ಗೋಡೆಯಿಂದಲೇ ಇಣುಕುತ್ತದೆ. ಇನ್ನು ‘ಬೇಕಾದಷ್ಟು ಎತ್ತರ ಬರುವವರೆಗೆ ಹೆಣೆಯಿರಿ’ ಎಂದು ಬರೆಯುವವರು. ಎಷ್ಟು ಬೇಕೆಂದು ಗೊತ್ತಿದ್ದರೆ ಮಾದರಿ ಯಾಕೆ ಬೇಕಿತ್ತು?

ಹನ್ನೆರಡು ಸುತ್ತು. ಸಾಮಾನ್ಯ ಹತ್ತಿ ದಾರದಲ್ಲಿ, 2.5 ಮಿ.ಮೀ. ಕಡ್ಡಿಯಲ್ಲಿ ತಳ ಸುಮಾರು ಆರು ಸೆಂ.ಮೀ. ಅಗಲ ಬರುತ್ತದೆ, ಹನ್ನೆರಡು ಸುತ್ತಿನ ಗೋಡೆಯೂ ಅಷ್ಟೇ ಎತ್ತರ. ಗೋಡೆಯ ಮೊದಲ ಸುತ್ತನ್ನು ಹೊಲಿಗೆಯ ಹಿಂದಿನ ಎಳೆಯಲ್ಲಷ್ಟೇ ಹೆಣೆದರೆ ತಳ ಮಡಿಕೆ ಬಿದ್ದು ನೆಟ್ಟಗೆ ಕೂರುತ್ತದೆ. ದಾರದ ಉಂಡೆಗೆ ಸುತ್ತಿದ ಪಟ್ಟಿಯಲ್ಲಿ 3.5 ಮಿ.ಮೀ. ಕಡ್ಡಿ ಎಂದು ಬರೆದಿದ್ದರೂ ಕೇಳಬೇಡಿ. ಅದು ಮೈಮೇಲೆ ಹಾಕುವ ಬಟ್ಟೆಯ ಲೆಕ್ಕ. ಕಾಸಿಗೆ ಭಾರವಿದೆ, ಬಿಗಿಯಾಗಿ ಹೆಣೆಯಬೇಕು. ಅಕ್ರಿಲಿಕ್ ಉಲ್ಲನ್ನಿನ ಸಂಚಿ ಕಾಸಿನ ಭಾರಕ್ಕೆ ದಿನೇ ದಿನೇ ಜೋತುಬೀಳುತ್ತದೆ. ಮ್ಯಾಜಿಕ್ ರಿಂಗಿನ ಬಾಲವನ್ನು ಹದಿನೈದು ಸೆಂ.ಮೀ. ಆದರೂ ಬಿಟ್ಟು, ಒಮ್ಮೆ ಬಲಕ್ಕೆ ಸುತ್ತಿಸಿ, ಮತ್ತೆ ಎಡಕ್ಕೆ ತಿರುಗಿಸಿ ಸೂಜಿಯಲ್ಲಿ ಹೊಲಿಯಬೇಕು. ಮೋಟು ಬಾಲ ಬಿಟ್ಟು ಕತ್ತರಿಸಿದವರ ಸಂಚಿಯ ತಳ ಸರಿಯಾಗಿ ನಡುವಿನಲ್ಲೇ ಬಾಯಿ ಬಿಡುತ್ತದೆ. ಓಲೆಯ ಕೊಕ್ಕೆ ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ ಎನ್ನುವವರು ಒಳಗೊಂದು ಬಟ್ಟೆಯ ಅಸ್ತರಿ ಹಾಕಿಕೊಳ್ಳಲಿ.

ಈಗ 37ಕ್ಕೇನು ಮಾಡುವುದು? ಬಿಚ್ಚುವುದು ಕಷ್ಟವಲ್ಲ, ಕ್ರೋಶೆಯಲ್ಲಿ ಜೀವಂತ ಇರುವುದು ಒಂದೇ ಕುಣಿಕೆ, ಎಳೆದರೆ ಎಲ್ಲಿ ಬೇಕೋ ಅಲ್ಲಿಗೆ ಬಂದು ನಿಲ್ಲುತ್ತದೆ. ಹಟಕ್ಕೆ ಬಿದ್ದು ಮೂರನೆಯ ಸುತ್ತಿನವರೆಗೂ ಬಿಚ್ಚುವವರ ಮೇಲೆ ಗೌರವವಿದೆ, ಅಸೂಯೆಯಿಲ್ಲ. ಉಳಿದವರಿಗೆ ಒಳದಾರಿ: ಕಿಂಡಿಗಳ ಸುತ್ತಿಗಿಂತ ಮೊದಲು, ಬೆಸುಗೆಯ ಓರೆಗೆರೆ ಇರುವ ಕಡೆ, ಎರಡು ಹೊಲಿಗೆಗಳ ಮುಂದಿನ ಎಳೆಗಳನ್ನಷ್ಟೇ ಕಡ್ಡಿಗೆ ತೆಗೆದುಕೊಂಡು ಒಂದು ಮಾಡಿಬಿಡುವುದು. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಕಿಂಡಿಯ ಸುತ್ತು ಮುಗಿದು, ಅದರ ಮೇಲಿನ ಸಿಂಗಲ್ ಕ್ರೋಶೆ ಸುತ್ತೂ ಮುಗಿದ ಮೇಲೆ ಕಣ್ಣಿಗೆ ಬಿತ್ತೇ? ಹಿಂಬದಿಯ ಎಸಳಿನ ಬುಡದಲ್ಲಿ ಎರಡು ಬಿಡುವ ಬದಲು ಮೂರು ಬಿಡಿ. 35 ಆಗಿದ್ದರೆ ಒಂದೇ ಬಿಡಿ. ಎಸಳು ಸ್ವಲ್ಪ ವಾಲುತ್ತದೆ. ಹೂವಲ್ಲವೇ, ವಾಲಲಿ.

ಕೊನೆಗೆ ಕಿಂಡಿಗಳಲ್ಲಿ ಪೋಣಿಸುವ ಲಾಡಿ. ಎರಡು ಬೇಕು, ಒಂದು ಬಲಗಡೆಯಿಂದ ಹೊರಟು ಪೂರ್ತಿ ಸುತ್ತಿ ಬಲಕ್ಕೇ ಬರಬೇಕು, ಇನ್ನೊಂದು ಎದುರುಗಡೆಯಿಂದ ಹೊರಟು ಎಡಕ್ಕೇ. ಆಗ ಎರಡು ಕಡೆ ಎಳೆದರೆ ಬಾಯಿ ಗಪ್ಪೆಂದು ಮುಚ್ಚುತ್ತದೆ, ಎಸಳು ಮೇಲೆದ್ದು ನಿಲ್ಲುತ್ತದೆ. ಲಾಡಿಗೆ ನೂರು ಚೈನ್ ಸಾಕು. ತೊಂಬತ್ತೈದಾದರೂ ಆಗುತ್ತದೆ, ನೂರಾ ಹತ್ತಾದರೂ ಯಾರೂ ಕೇಳುವುದಿಲ್ಲ. ಇಡೀ ಸಂಚಿಯಲ್ಲಿ ಲೆಕ್ಕ ತಪ್ಪಿದರೂ ನಡೆಯುವ ಜಾಗ ಇದೊಂದೇ. ಕೈ ಮಾತ್ರ ಎಣಿಸುವುದನ್ನು ಬಿಡುವುದಿಲ್ಲ. ತೊಂಬತ್ತಾರು, ತೊಂಬತ್ತೇಳು, ತೊಂಬತ್ತೆಂಟು. ‘ಗಂಟೆ ಎಷ್ಟಾಯಿತು?’