ಮೂರು ಮುಳ್ಳು, ಎರಡೇ ಕೈ

ಮರದ ತುಂಡು ಕೆತ್ತಿ, ಬಣ್ಣ ಬಳಿದು ಮೀನು ಹಿಡಿಯೋಕೆ ಮೀನಿನ ಗೊಂಬೆ ಮಾಡೋದು ಖುಷಿ. ಅದರ ಬಾಲದ ಮೂರು ಮುಳ್ಳಿನ ಗಾಳ, ಅಂದ್ರೆ ಟ್ರೆಬಲ್ ಹುಕ್‌ಗೆ ಗರಿ ಕಟ್ಟೋಕೆ ಕೂತೆನೋ, ಮುಗೀತು. ಒಂದು ಮುಳ್ಳನ್ನ ಬಿಗಿಯಾಗಿ ಹಿಡಿಯೋ ವೈಸ್‌ಗೆ ಕಚ್ಚಿಸಿದ್ರೆ ಉಳಿದೆರಡು ದಾರಾನ ಎಳ್ಕೊಂಡು ಕತ್ತರಿಸೇ ಬಿಡ್ತವೆ. ಹುಂಜದ ಕತ್ತಿನ ಗರಿ ಮೂರೂ ಕಡೆ ಸಮ ಕೂರಬೇಕಂತೆ! ದಾರ ಬಿಗಿದ ಕೂಡಲೇ ಎಲ್ಲ ಜಾರಿ ಒಂದೇ ಪಕ್ಕಕ್ಕೆ. ಅಂಟು ಹಾಕಿದೆ, ಗರಿ ಬಿಟ್ಟು ಬೆರಳಿಗೆ ಹಿಡೀತು. ಹೆಂಡತಿಯ ನೇಲ್ ಪಾಲಿಶ್ ಕದ್ದು (ಇನ್ನೂ ಗೊತ್ತಿಲ್ಲ ಅವಳಿಗೆ) ಗಂಟಿಗೆ ಬಳಿದೆ. ಅದು ಗರಿಯೊಳಗೆ ಇಳಿದು, ನೀರಲ್ಲಿ ಬಳುಕಬೇಕಾದ್ದು ಒಣಗಿದ ಪೊರಕೆ ಆಯ್ತು.

ಎರಡು ಗಂಟೆ ಒದ್ದಾಡಿ ಕಟ್ಟಿದ್ದು, ಭಾನುವಾರ ಕೆರೇಲಿ ಮೊದಲ ಎಸೆತಕ್ಕೇ ಮುಳುಗಿದ ಜಾಲಿ ಮರಕ್ಕೆ ಸಿಕ್ಕಿ ಗಾಳದ ದಾರ ಹರೀತು. ಪಕ್ಕದಲ್ಲೇ ಕೊರಮೀನು ಬುಳಕ್ ಅಂತು.