ಚೆನ್‌ಗಳೆಲ್ಲ ಒಂದೇ ಬಳ್ಳಿಯವರಲ್ಲ

ಚೆನ್ ಎಂಬ ಚೀನೀ ಮನೆತನದ ಹೆಸರಿನ ಬಗ್ಗೆ ಒಂದು ಲೇಖನ ಓದಿದೆ. ‘ಚೆನ್ ಹೆಸರಿನವರೆಲ್ಲ ಪ್ರಾಚೀನ ಚೆನ್ ರಾಜ್ಯದ ಮೊದಲ ದೊರೆಯ ವಂಶದವರು’ ಅಂತ ಅದರಲ್ಲಿದೆ. ಇದೊಂದನ್ನು ನಾನು ಒಪ್ಪುವುದಿಲ್ಲ. ಹೆಸರು ಹುಟ್ಟಿದ್ದು ಅಲ್ಲೇ, ಇವತ್ತಿನ ಚೀನಾದ ಹೆನಾನ್ ಪ್ರಾಂತ್ಯದ ಹುವಾಯ್‌ಯಾಂಗ್ ಸುತ್ತಮುತ್ತ, ಸರಿ. ಆದರೆ ಕ್ರಿ.ಶ. 496ರಲ್ಲಿ ಉತ್ತರ ಚೀನಾ ಆಳುತ್ತಿದ್ದ ಉತ್ತರ ವೇ ವಂಶದ ದೊರೆ ಷಿಯಾವೊವೆನ್, ಮೂಲದಲ್ಲಿ ಚೀನೀಯರಲ್ಲದ ತನ್ನ ಷಿಯಾನ್‌ಬೇ ಜನರಿಗೆ ಚೀನೀ ಹೆಸರು ಇಟ್ಟುಕೊಳ್ಳಿ ಅಂತ ಅಪ್ಪಣೆ ಮಾಡಿದನಲ್ಲ? ಆಗ ಹೌಮೋಚೆನ್ ಕುಲದವರು ಹೆಸರಿನ ಮುಂಭಾಗ ಕತ್ತರಿಸಿ ಬರೀ ಚೆನ್ ಆದರು. ಇವರಿಗೂ ಚೆನ್ ರಾಜ್ಯದ ಆ ಮೊದಲ ದೊರೆಗೂ ಏನು ಸಂಬಂಧ?

ಉಲ್ಟಾ ಕತೆಯೂ ಇದೆ. ಕ್ರಿ.ಪೂ. 672ರಲ್ಲಿ ಚೆನ್ ರಾಜ್ಯದ ಚೆನ್ ವಾನ್ ಎಂಬ ರಾಜಕುಮಾರ ಜೀವ ಉಳಿಸಿಕೊಳ್ಳಲು ಚೀ ರಾಜ್ಯಕ್ಕೆ ಓಡಿಹೋದ. ಅವನ ವಂಶದವರು ಟಿಯಾನ್ ಅಂತ ಹೆಸರಾದರು, ಕೊನೆಗೆ ಆಶ್ರಯ ಕೊಟ್ಟವರ ಸಿಂಹಾಸನವನ್ನೇ ಹಿಡಿದರು! ರಕ್ತ ಚೆನ್, ಹೆಸರು ಬೇರೆ.

ಇನ್ನೊಂದು ಮಾತು. ಚೆನ್ ಎಂಬ ಇದೇ ಹೆಸರು ದಕ್ಷಿಣ ಚೀನಾದ ನುಡಿಗಳಾದ ಹೊಕ್ಕಿಯನ್‌ನಲ್ಲಿ ಟಾನ್, ಕ್ಯಾಂಟನೀಸ್‌ನಲ್ಲಿ ಚಾನ್, ವಿಯೆಟ್ನಾಂನಲ್ಲಿ ಟ್ರಾನ್, ಎಲ್ಲದಕ್ಕೂ ಚೀನೀ ಅಕ್ಷರ ಒಂದೇ. ಸಿಂಗಪುರದಲ್ಲಿ ನನ್ನ ಪಕ್ಕದ ಮೇಜಿನ ಟಾನ್, ಎದುರಿನ ಚಾನ್ ಇಬ್ಬರದೂ ಒಂದೇ ಹೆಸರು ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಲೇಖನದಲ್ಲಿ ಇದು ಜಾಸ್ತಿ ಬರಬೇಕಿತ್ತು ಅಲ್ವಾ?